ಗಾಳದ ಗಂಟು: ಕಲ್ಯಾಣದ ಅರಸನಿಂದ ನಮ್ಮ ಬಸವೇಶ್ವರನಗರದವರೆಗೆ

ಗಾಳ ಅಂದ ತಕ್ಷಣ ನಮ್ಮ ಕನ್ನಡ ಬ್ಲಾಗಿಗರಿಗೆಲ್ಲ ಮೊದಲು ನೆನಪಾಗುವ ಹೆಸರು ತೇಜಸ್ವಿ. ಮೂಡಿಗೆರೆಯ ಕಾಫಿ ತೋಟ, ಸ್ಕೂಟರು, ಕ್ಯಾಮೆರಾ, ಮೀನು ಹಿಡಿಯೋ ಕೋಲು... 2007ರ ಏಪ್ರಿಲ್ 5ರಂದು ಅವರು ಹೋದಾಗ ಬಂದ ಎಷ್ಟೋ ಪೋಸ್ಟುಗಳಲ್ಲಿ ಆ ಕೋಲು ಇದ್ದೇ ಇತ್ತು. ‘ಪರಿಸರದ ಕತೆ’ ಓದಿ ಒಂದು ಸಲವಾದರೂ ಗಾಳ ಹಾಕಬೇಕು ಅಂದುಕೊಳ್ಳದವರು ನಮ್ಮಲ್ಲಿ ಕಡಿಮೆ. ಆದರೆ ಗಾಳಕ್ಕೂ ಕನ್ನಡದ ನೆಲಕ್ಕೂ ಇರುವ ನಂಟು ತೇಜಸ್ವಿಯವರಿಗಿಂತ ಎಂಟುನೂರು ವರ್ಷಕ್ಕೂ ಹಳೆಯದು. ಆ ಕತೆ ಹೇಳೋಣ ಅಂತ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ :-)

ಮೊದಲು ಒಂದು ಪದದ ವಿಷಯ. ಎರೆಹುಳು ಅಂತೀವಲ್ಲ, ಅದರಲ್ಲಿರುವ ‘ಎರೆ’ ಏನು? ಹಕ್ಕಿಗೆ, ಹಾವಿಗೆ ಸಿಗುವ ತಿನಿಸಿಗೆ ಹಳಗನ್ನಡದಿಂದಲೂ ಎರೆ ಅನ್ನುತ್ತಾರೆ. ಗಾಳಕ್ಕೆ ಸಿಕ್ಕಿಸುವ ತಿನಿಸಿಗೂ ಅದೇ ಪದ. ತಮಿಳಿನ ‘ಇರೈ’ ಇದರ ಒಡಹುಟ್ಟು. ಅಂದರೆ ನಾವು ಗೊಬ್ಬರದ ಗುಂಡಿಯಲ್ಲಿ ನೋಡುವ ಆ ಬಡಪಾಯಿ ಹುಳುವಿಗೆ ಹೆಸರು ಬಂದದ್ದೇ ಇನ್ನೊಂದು ಜೀವದ ಬಾಯಿಗೆ ಬೀಳುವುದರಿಂದ! ಮೀನು ಹಿಡಿಯುವವನಿಗೆ ಹಳಗನ್ನಡದಲ್ಲಿ ‘ಮೀಂಗುಲಿಗ’ ಎಂಬ ಚೆಂದದ ಪದವಿದೆ. ಭಾಷೆಯೊಳಗೇ ಇಷ್ಟು ಆಳಕ್ಕೆ ಇಳಿದಿರುವ ಕಸುಬಿದು.

ಕಲ್ಯಾಣದ ಅರಸನ ಮೀನಿನಾಟ

ಈಗ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗೋಣ, ಇವತ್ತಿನ ಬಸವಕಲ್ಯಾಣಕ್ಕೆ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಅಲ್ಲಿ ಆಳುತ್ತಿದ್ದ. ಪಟ್ಟಕ್ಕೆ ಬಂದದ್ದು 1126ರ ಸುಮಾರಿಗೆ, ತೀರಿಕೊಂಡದ್ದು 1138ರಲ್ಲಿ. ‘ಸರ್ವಜ್ಞ’ ಎಂಬ ಬಿರುದಿತ್ತು. ಅವನ ಹೆಸರಿನಲ್ಲಿ ಸಂಸ್ಕೃತದ ಒಂದು ದೊಡ್ಡ ಗ್ರಂಥವಿದೆ: ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಅಂತಲೂ ಕರೆಯುತ್ತಾರೆ. ಒಟ್ಟು ನೂರು ಅಧ್ಯಾಯ, ಇಪ್ಪತ್ತಿಪ್ಪತ್ತರ ಐದು ಕಟ್ಟು. ರಾಜ್ಯಭಾರ, ಆನೆ, ಅಡುಗೆ, ಸಂಗೀತ, ಚಿತ್ರಕಲೆ... ಆ ಕಾಲದ ವಿಕಿಪೀಡಿಯ ಅನ್ನಿ. ನಾವು ಇಡ್ಲಿಯ ಇತಿಹಾಸ ಹುಡುಕುವಾಗ ಇದರ ಅಡುಗೆ ಭಾಗವನ್ನು ಎತ್ತಿ ತೋರಿಸುತ್ತೇವೆ. ಅದೇ ಗ್ರಂಥದ ನಾಲ್ಕನೆಯ ಕಟ್ಟಿನಲ್ಲಿ, ಅರಸನ ವಿನೋದಗಳ ನಡುವೆ, ‘ಮತ್ಸ್ಯವಿನೋದ’ ಅಂತ ಒಂದು ಅಧ್ಯಾಯವಿದೆ ಅನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಅದು ಪೂರ್ತಿ ಗಾಳದ ಅಧ್ಯಾಯ. ಸುಮಾರು ಮೂವತ್ತೈದು ಬಗೆಯ ಮೀನುಗಳ ಹೆಸರು ಅದರಲ್ಲಿವೆ. ಸಮುದ್ರದ್ದು ಯಾವುದು, ಸಿಹಿನೀರಿನದು ಯಾವುದು, ಹುರುಪೆ ಇರುವುದು, ಇಲ್ಲದಿರುವುದು, ದೊಡ್ಡದು, ಸಣ್ಣದು ಅಂತ ವಿಂಗಡಣೆ ಇದೆ. ಯಾವ ಮೀನಿಗೆ ಏನು ತಿನ್ನಿಸಬೇಕು ಎಂಬ ವಿವರ ಬರುತ್ತದೆ. ಎಳ್ಳು, ಕಡಲೆಹಿಟ್ಟು, ಅನ್ನ ಇಂಥವುಗಳನ್ನು ಕಲಸಿ ಉಂಡೆ ಮಾಡಿ ನೀರಿಗೆ ಹಾಕಿ, ಮೀನು ಆ ಜಾಗಕ್ಕೆ ಒಗ್ಗಿಕೊಂಡು ಕೊಬ್ಬಿದ ಮೇಲೆ ಗಾಳ. ದಾರ, ಕೊಕ್ಕೆ, ಕೋಲು, ಎರೆ ಎಲ್ಲದರ ಮೇಲೂ ಮಾತಿದೆ. 1951ರಲ್ಲಿ ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು ಈ ಅಧ್ಯಾಯವನ್ನೇ ಹಿಡಿದು ಒಂದು ಪ್ರಬಂಧ ಬರೆದರು. ಆಮೇಲೆಯೇ ವಿಜ್ಞಾನದವರ ಕಣ್ಣು ಇದರ ಮೇಲೆ ಬಿದ್ದದ್ದು.

ಈಗ ಒಂದು ಲೆಕ್ಕ ನೋಡಿ. ಇಂಗ್ಲಿಷಿನಲ್ಲಿ ಗಾಳದ ಮೇಲಿನ ಮೊದಲ ಅಚ್ಚಾದ ಪುಸ್ತಕ ಅಂತ ಹೆಸರಾಗಿರುವ ಪ್ರಬಂಧ ಹೊರಬಂದದ್ದು 1496ರಲ್ಲಿ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದದ್ದು ಅಂತ ಹೇಳುತ್ತಾರೆ. ಹೊಲಿಗೆ ಸೂಜಿಯನ್ನು ಕೆಂಡದಲ್ಲಿ ಕಾಯಿಸಿ ಮೆತ್ತಗೆ ಮಾಡಿ, ಬಗ್ಗಿಸಿ, ಮತ್ತೆ ಗಡಸು ಮಾಡಿ ಕೊಕ್ಕೆ ಮಾಡಿಕೊಳ್ಳುವುದು ಹೇಗೆ, ಕುದುರೆ ಬಾಲದ ಕೂದಲು ಹೊಸೆದು ದಾರ ಮಾಡುವುದು ಹೇಗೆ ಅಂತ ಅದರಲ್ಲಿದೆ. ನಮ್ಮ ಸೋಮೇಶ್ವರನ ಗ್ರಂಥ ಸುಮಾರು 1130ರದು. ಮುನ್ನೂರ ಅರವತ್ತು ವರ್ಷಕ್ಕೂ ಹಿಂದಿನದು! ಲಂಡನ್ನಿನಲ್ಲಿ ಆ ಪುಸ್ತಕದ ಹೆಸರಿನಲ್ಲಿ ಗಾಳದವರ ಕೂಟಗಳೇ ನಡೆದಿರಬಹುದು. ನಮ್ಮಲ್ಲಿ ಮತ್ಸ್ಯವಿನೋದ ಅಂದರೆ ಯಾವುದೋ ಹೋಟೆಲಿನ ಹೆಸರು ಅಂದುಕೊಂಡಾರು.

ನಾನಿರುವ ಬಡಾವಣೆಗೂ ಈ ಕತೆಗೂ ಒಂದು ಎಳೆ ಇದೆ. ಸೋಮೇಶ್ವರ ಹೋಗಿ ಕಾಲು ಶತಮಾನದೊಳಗೆ ಕಲ್ಯಾಣದ ಗದ್ದುಗೆ ಬಿಜ್ಜಳನ ಕೈಗೆ ಹೋಯಿತು. ಅದೇ ಊರಿನಲ್ಲಿ ಬಸವಣ್ಣನವರ ಸುತ್ತ ಶರಣರು ಸೇರಿದರು. ಅರಸನ ವಿನೋದಕ್ಕೆ ಮೀನು ಸಾಕಿದ ಪಟ್ಟಣದಲ್ಲೇ, ಎಲ್ಲ ಜೀವಕ್ಕೂ ದಯೆ ಬೇಕು ಅನ್ನುವ ಮಾತು ಎದ್ದು ನಿಂತಿತು. ದೋಣಿ ನಡೆಸಿ ಹೊಟ್ಟೆ ಹೊರೆಯುವ ಅಂಬಿಗರ ಚೌಡಯ್ಯನಂಥವನು ಅರಸನ ಆಸ್ಥಾನದ ಭಾಷೆ ಬಿಟ್ಟು ಅಚ್ಚಕನ್ನಡದಲ್ಲಿ ಖಾರವಾಗಿ ಮಾತಾಡಿದ. ಗಾಳದ ವಿಷಯ ಬಂದಾಗಲೆಲ್ಲ ನನ್ನ ತಲೆಯಲ್ಲಿ ಕಲ್ಯಾಣದ ಈ ಎರಡು ದನಿಗಳೂ ಒಟ್ಟಿಗೆ ಕೇಳುತ್ತವೆ. ಒಂದು, ತಿನ್ನಿಸಿ ಹಿಡಿ ಅನ್ನುತ್ತದೆ. ಇನ್ನೊಂದು, ತಿನ್ನಿಸಿ ಬಿಡು ಅನ್ನುತ್ತದೆ. ಆ ಎರಡನೆಯದನ್ನು ನೋಡಬೇಕಾದರೆ ಶೃಂಗೇರಿಯ ತುಂಗೆಯ ಮೆಟ್ಟಿಲಿಗೋ, ಶಿಶಿಲಕ್ಕೋ, ಕಾವೇರಿ ದಂಡೆಯ ರಾಮನಾಥಪುರಕ್ಕೋ ಹೋಗಿ. ಮಂಡಕ್ಕಿ ಎಸೆದರೆ ತೊಡೆಗಾತ್ರದ ಮೀನುಗಳು ನೀರನ್ನೇ ಕುದಿಸಿಬಿಡುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ, ದೇವರ ಮೀನು.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಅಲ್ಲಿಂದ ಏಳು ಶತಮಾನ ಹಾರಿ 1873ಕ್ಕೆ ಬನ್ನಿ. ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಅಚ್ಚಾಗಿ ಹೊರಬಿತ್ತು. ಬರೆದವರು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಭಾರತದಲ್ಲಿ ಗಾಳ ಹಾಕುವ ಬ್ರಿಟಿಷರಿಗೆಲ್ಲ ಇದು ಪಂಚಾಂಗ ಇದ್ದ ಹಾಗೆ ಆಯಿತು, ಮುಂದೆ ಹಲವು ಆವೃತ್ತಿ ಕಂಡಿತು. ಅವರ ನಾಡಿನ ಸಾಲ್ಮನ್‌ಗಿಂತ ನಮ್ಮ ಹೊಳೆಯ ಮಹಶೀರ್, ಗಾತ್ರಕ್ಕೆ ಗಾತ್ರ ಹೋಲಿಸಿದರೆ, ಹೆಚ್ಚು ಕಾದಾಡುತ್ತದೆ ಅಂತ ಅವರು ಬರೆದದ್ದು ಬಹಳ ಹೆಸರಾಯಿತು. ಅದಕ್ಕೂ ಮೊದಲೇ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಮೇಲೆ ಅವರದೊಂದು ವರದಿ ಬಂದಿತ್ತು. ಸಣ್ಣ ಕಣ್ಣಿನ ಬಲೆಗಳಿಂದ, ವಿಷ ಹಾಕುವುದರಿಂದ ಮರಿಗಳೇ ನಾಶವಾಗುತ್ತಿವೆ ಎಂಬ ಚಿಂತೆ ಆ ಕಾಲದ ಅಧಿಕಾರಿಗಳಲ್ಲಿ ಬೆಳೆಯುತ್ತಿತ್ತು. ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು, ವಿಷ ಹಾಕುವುದು ಅಪರಾಧವಾಯಿತು.

ಥಾಮಸ್ ಪುಸ್ತಕದ ಕಾಲಕ್ಕೆ ಗಾಳದಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತಿತ್ತು. ನಿಜವಾದ ಎರೆಯ ಬದಲು ಸುಳ್ಳು ಎರೆ. ಲೂರ್ ಅಂತಾರಲ್ಲ, ಅದು. ನಾನಿಲ್ಲಿ ಅದನ್ನು ‘ಹುಸಿಮೀನು’ ಅಂತ ಕರೆಯುತ್ತೇನೆ, ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ಪದವಿದ್ದರೆ ಕೊಡಿ. ಉಪಾಯ ಹಳೆಯದೇ. ಕ್ರಿಸ್ತಶಕ 200ರ ಸುಮಾರಿಗೆ ಈಲಿಯನ್ ಎಂಬ ರೋಮಿನ ಲೇಖಕ, ಮ್ಯಾಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಗರಿ ಕಟ್ಟಿ ನೊಣದ ಹಾಗೆ ಮಾಡಿ ಮೀನು ಹಿಡಿಯುತ್ತಾರೆ ಅಂತ ಬರೆದಿದ್ದಾನೆ. ಆದರೆ ಲೋಹದ ಹುಸಿಮೀನಿನ ಜಾತ್ರೆ ಶುರುವಾದದ್ದು ಅಮೆರಿಕದಲ್ಲಿ. ಜೂಲಿಯೊ ಬ್ಯೂಯೆಲ್ ಎಂಬಾತ ಕೆರೆಯ ಮೇಲೆ ದೋಣಿಯಲ್ಲಿ ಊಟ ಮಾಡುವಾಗ ಚಮಚ ನೀರಿಗೆ ಬಿತ್ತಂತೆ. ಅದು ಹೊಳೆಯುತ್ತ, ಓಲಾಡುತ್ತ ಮುಳುಗುವಾಗ ಒಂದು ಮೀನು ಬಂದು ಗಬಕ್ಕನೆ ಬಾಯಿ ಹಾಕಿತಂತೆ. ಕತೆ ಎಷ್ಟು ನಿಜವೋ, ಆತ 1852ರಲ್ಲಿ ಚಮಚದ ಗಾಳಕ್ಕೆ ಪೇಟೆಂಟ್ ಪಡೆದದ್ದು ಮಾತ್ರ ನಿಜ. ಇವತ್ತಿಗೂ ಆ ಬಗೆಯ ಹುಸಿಮೀನಿನ ಹೆಸರು ‘ಸ್ಪೂನ್’ ಅಂತಲೇ.

ಇನ್ನೊಬ್ಬ ಮಹಾನುಭಾವ ಫಿನ್ಲೆಂಡಿನ ಲೌರಿ ರಾಪಲಾ. ಬಡ ಬೆಸ್ತ. ಗಾಯಗೊಂಡ ಸಣ್ಣ ಮೀನು ಓರೆಯಾಗಿ ಈಜುವುದನ್ನೇ ದೊಡ್ಡ ಮೀನು ಹುಡುಕಿ ಹಿಡಿಯುತ್ತದೆ ಎಂಬುದನ್ನು ಗಮನಿಸಿದ. 1936ರಲ್ಲಿ ಚಮ್ಮಾರರ ಚಾಕುವಿನಲ್ಲಿ ಬೆಂಡನ್ನು ಕೆತ್ತಿ ಮೀನು ಮಾಡಿದ. ಚಾಕಲೇಟಿನ ತಗಡು ಕಾಗದ ಸುತ್ತಿ ಹುರುಪೆಯ ಹೊಳಪು ಕೊಟ್ಟ. ವಾರ್ನಿಷ್ ಕೊಳ್ಳಲು ದುಡ್ಡಿಲ್ಲ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದ. ಜಗತ್ತಿನ ದೊಡ್ಡ ಕಂಪನಿಯೊಂದು ಹುಟ್ಟಿದ್ದು ಹೀಗೆ, ಅಡುಗೆಮನೆಯ ಕಸದಿಂದ.

ರಾಜಾಜಿನಗರದ ಲೇತು, ಹವಾಯಿ ಚಪ್ಪಲಿಯ ಕಪ್ಪೆ

ಇದೆಲ್ಲ ಫಿನ್ಲೆಂಡಿನ ಮಾತಾಯಿತು, ಬಸವೇಶ್ವರನಗರದಲ್ಲಿ ಏನಿದೆ ಸ್ವಾಮಿ ಅಂತೀರಾ? ಇದೆ. ಒಂದು ಕಡೆ ರಾಜಾಜಿನಗರದ ಕೈಗಾರಿಕಾ ಬಡಾವಣೆ, ಇನ್ನೊಂದು ಕಡೆ ಕಾಮಾಕ್ಷಿಪಾಳ್ಯ. ನಡುವೆ ನಾವು. ಲೇತು, ಡ್ರಿಲ್ಲು, ಪ್ರೆಸ್ಸಿನ ಸದ್ದಿನಲ್ಲೇ ಬೆಳೆದ ಏರಿಯಾ. ತಗಡು ಕತ್ತರಿಸಲು, ತೂತು ಕೊರೆಯಲು, ಪಾಲಿಶ್ ಹೊಡೆಯಲು ಗೊತ್ತಿರುವ ಕೈಗಳಿಗೆ ಇಲ್ಲಿ ಬರವಿಲ್ಲ. ಸಿದ್ದಯ್ಯ ಪುರಾಣಿಕ ರಸ್ತೆಯ ಆಚೆ, ನಮ್ಮ ಹಿಂದಿನ ಬೀದಿಯಲ್ಲಿ ಅಂಥದೊಂದು ಕೈ ಇದೆ. ಇಡೀ ಆಯುಷ್ಯ ಲೇತಿನ ಮುಂದೆ ನಿಂತು ಈಗ ನಿವೃತ್ತರಾಗಿರುವ ಹಿರಿಯರು. ಬೀದಿಯವರಿಗೆಲ್ಲ ಅವರು ‘ಯಜಮಾನ್ರು’. ಮನೆಯ ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ ಅವರ ಕಾರ್ಖಾನೆ. ನಾನು ಹುಸಿಮೀನು ಮಾಡುವುದನ್ನು ಕಣ್ಣಾರೆ ನೋಡಿದ್ದು ಅಲ್ಲೇ.

ಚಮಚದ ಗಾಳಕ್ಕೆ ಬೇಕಾದ್ದು ಒಂದು ಸ್ಟೀಲ್ ಚಮಚ. ಹಿಡಿಯನ್ನು ಗರಗಸದಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು. ಅಂಚು ಚೂಪಾಗಿ ಉಳಿದರೆ ದಾರ ಕುಯ್ಯುತ್ತದೆ. ಎರಡೂ ತುದಿಗೆ ಒಂದೊಂದು ತೂತು. ಕಿರಿದಾದ ತುದಿಗೆ ದಾರ, ಅಗಲವಾದ ತುದಿಗೆ ಉಂಗುರದಲ್ಲಿ ಕೊಕ್ಕೆ. ದಾರಕ್ಕೂ ಚಮಚಕ್ಕೂ ನಡುವೆ ಸ್ವಿವೆಲ್, ಅಂದರೆ ತನ್ನಷ್ಟಕ್ಕೆ ತಿರುಗುವ ಕೊಂಡಿ ಹಾಕದಿದ್ದರೆ ಹತ್ತು ಸಲ ಎಸೆಯುವಷ್ಟರಲ್ಲಿ ದಾರ ಜಡೆಯಾಗುತ್ತದೆ. ಚಮಚವನ್ನು ಸ್ವಲ್ಪ ಹೆಚ್ಚು ಬಗ್ಗಿಸಿದರೆ ನಿಧಾನವಾಗಿ ಎಳೆದರೂ ತೊನೆಯುತ್ತದೆ. ಚಪ್ಪಟೆ ಮಾಡಿದರೆ ಬೇಗ ಎಳೆಯಬೇಕು, ಆಳಕ್ಕೂ ಹೋಗುತ್ತದೆ.

“ಅಂಗಡೀಲಿ ಬೇಕಾದಷ್ಟು ಸಿಗುತ್ತಲ್ಲ ಯಜಮಾನ್ರೇ, ಇಷ್ಟು ಕಷ್ಟ ಯಾಕೆ?” ಅಂದೆ.

“ಅಂಗಡೀದು ಕಳೆದುಹೋದ್ರೆ ದುಡ್ಡು ಹೋಯ್ತು ಅಂತ ಬೇಜಾರಾಗುತ್ತಪ್ಪಾ. ನಾನು ಮಾಡಿದ್ದು ಕಳೆದುಹೋದ್ರೆ, ಇನ್ನೊಂದು ಹೆಂಗೆ ಮಾಡ್ಲಿ ಅಂತ ಯೋಚನೆ ಬರುತ್ತೆ” ಅಂದರು. ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೆರೆಯ ಕೊರವ ಮೀನಿಗೆ ಮಾತ್ರ ಚಮಚ ನಡೆಯುವುದಿಲ್ಲ. ಅದಿರುವುದು ಜೊಂಡು, ತಾವರೆ ಎಲೆ, ಅಂತರಗಂಗೆಯ ನಡುವೆ. ಕೆಳಗೆ ಜೋತ ಕೊಕ್ಕೆ ಕಳೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಜೋಡಿಗಾಳದ ಕಪ್ಪೆ. ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ಬ್ಲೇಡಿನಿಂದ ಹೆಬ್ಬೆರಳ ಗಾತ್ರಕ್ಕೆ ಕೆತ್ತಿ, ಒಂದೇ ಕಾಂಡಕ್ಕೆ ಎರಡು ಮೊನೆ ಇರುವ ಕೊಕ್ಕೆಯನ್ನು ಅದರ ಹೊಟ್ಟೆಯೊಳಗೆ ತೂರಿಸುತ್ತಾರೆ. ಎರಡೂ ಮೊನೆ ಮೇಲ್ಮುಖವಾಗಿ, ಬೆನ್ನಿಗೆ ಅಂಟಿಕೊಂಡಂತೆ ಇರಬೇಕು. ಆಗ ಎಲೆಯ ಮೇಲೆ ಎಳೆದರೂ ಸಿಕ್ಕುವುದಿಲ್ಲ. ಮೀನು ಕಚ್ಚಿ ರಬ್ಬರು ಅಮುಕಿದಾಗ ಮಾತ್ರ ಮೊನೆ ಹೊರಬರುತ್ತದೆ. ಹೊಟ್ಟೆಗೆ ಒಂದು ಚೂರು ಸೀಸ, ಕಾಲಿಗೆ ಬಲೂನಿನ ಪಟ್ಟಿ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುತ್ತಿದ್ದ ಪದ್ಧತಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಕಾಲಿಗಾಗಿ ಕಪ್ಪೆ ಹಿಡಿದು ಹೊರದೇಶಕ್ಕೆ ಕಳಿಸುವುದನ್ನೇ ಭಾರತ 1987ರಲ್ಲಿ ನಿಲ್ಲಿಸಿತು. ಚಪ್ಪಲಿ ಕಪ್ಪೆಗೆ ಆ ತಾಪತ್ರಯವಿಲ್ಲ :-)

ಎರಡು ಕೊಕ್ಕೆ, ಒಂದು ದಾರ

ಇನ್ನೊಂದು ಬಗೆಯ ಜೋಡಿಗಾಳ ದಾರದಲ್ಲೇ ಕಟ್ಟುವಂಥದು. ಯಾಕೆ ಬೇಕು? ಎರೆಹುಳು, ಸತ್ತ ಸಣ್ಣ ಮೀನು ಇವೆಲ್ಲ ಉದ್ದದವು. ಒಂದೇ ಕೊಕ್ಕೆ ಇದ್ದರೆ ಮೀನು ಬಾಲ ಕಚ್ಚಿಕೊಂಡು ಹೋಗುತ್ತದೆ, ನಿಮಗೆ ಬರೀ ತಲೆ. ಹಿಂದೊಂದು ಮುಂದೊಂದು ಕೊಕ್ಕೆ ಇದ್ದರೆ ಎರೆಯೂ ನೆಟ್ಟಗೆ ನಿಲ್ಲುತ್ತದೆ, ಕಚ್ಚಿದ್ದೂ ಸಿಗುತ್ತದೆ. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೀವರ್ಟ್ 1857ರಲ್ಲಿ ಬರೆದ ಪುಸ್ತಕದಿಂದ ಸಾಲಾಗಿ ಹಲವು ಕೊಕ್ಕೆ ಕಟ್ಟುವುದು ಜನಪ್ರಿಯವಾಯಿತು. ಅದನ್ನು ಎರಡು ಕೊಕ್ಕೆಗೆ ಇಳಿಸಿದ ಕಟ್ಟಿಗೆ ಹೆನ್ರಿ ಚಮ್ಲಿ ಪೆನ್ನೆಲ್ ಎಂಬ ಮೀನುಗಾರಿಕೆ ಇನ್‌ಸ್ಪೆಕ್ಟರ ಹೆಸರು ನಿಂತಿದೆ. ಕಣ್ಣು, ಅಂದರೆ ದಾರ ಪೋಣಿಸುವ ತೂತು ಇರುವ ಕೊಕ್ಕೆಗಳು ಬಳಕೆಗೆ ಬರುವಂತೆ ಮಾಡಿದವರಲ್ಲೂ ಆತ ಒಬ್ಬ. ಅದಕ್ಕೆ ಮೊದಲು ಅಲ್ಲಿನ ಹೆಚ್ಚಿನ ಕೊಕ್ಕೆಗಳಿಗೆ ಕಣ್ಣಿರುತ್ತಿರಲಿಲ್ಲ. ಕಾಂಡದ ಮೇಲೆ ದಾರವಿಟ್ಟು, ರೇಷ್ಮೆ ನೂಲಿನಿಂದ ಸುತ್ತಿ, ಮೇಣ ಹಚ್ಚಿ ಬಿಗಿಯಬೇಕಿತ್ತು.

ಆ ದಾರದ ಕತೆಯೂ ಕೇಳಿ. ನೈಲಾನ್ ಬಂದದ್ದು 1938ರಲ್ಲಿ. ಅದಕ್ಕೆ ಮೊದಲು ಕೊಕ್ಕೆಯ ಹತ್ತಿರದ ಕಾಣದಂಥ ಎಳೆಗೆ ಬಳಸುತ್ತಿದ್ದದ್ದು ರೇಷ್ಮೆಹುಳುವಿನ ಕರುಳಿನಂಥ ಗ್ರಂಥಿ. ಗೂಡು ಕಟ್ಟಲು ತಯಾರಾದ ಹುಳುವನ್ನು ವಿನೆಗರಿನಲ್ಲಿ ನೆನೆಸಿ, ರೇಷ್ಮೆಯ ಗ್ರಂಥಿಯನ್ನು ಹೊರತೆಗೆದು, ಎರಡು ಕೈಯಲ್ಲಿ ಹಿಡಿದು ಎಳೆದರೆ ಒಂದೇ ಗಟ್ಟಿ ಎಳೆಯಾಗುತ್ತಿತ್ತು. ಇದಕ್ಕೆ ಹೆಸರಾದ ಜಾಗ ಸ್ಪೇನ್ ದೇಶದ ಮುರ್ಸಿಯಾ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡಿರುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಈಗಿನ ನೈಲಾನಿನಲ್ಲಿ ಜೋಡಿಗಾಳ ಕಟ್ಟುವ ಕ್ರಮ ಇದು. ಯಜಮಾನ್ರು ಕಟ್ಟಿ ತೋರಿಸಿದ್ದನ್ನು ಹಾಗೇ ಬರೆಯುತ್ತೇನೆ:

1. ಎರಡು ಅಡಿ ದಾರ ತೆಗೆದುಕೊಂಡು ಅದರ ಒಂದು ತುದಿಗೆ ಕೆಳಗಿನ ಕೊಕ್ಕೆಯನ್ನು ಭದ್ರವಾಗಿ ಕಟ್ಟಿ.
2. ದಾರದ ಇನ್ನೊಂದು ತುದಿಯನ್ನು ಮೇಲಿನ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಎರಡು ಕೊಕ್ಕೆಯ ನಡುವೆ ಎರೆಯ ಉದ್ದಕ್ಕೆ ತಕ್ಕಷ್ಟು, ಎರಡು ಮೂರು ಅಂಗುಲ, ಜಾಗ ಬರುವ ಹಾಗೆ ಸರಿಸಿ.
3. ಕೆಳಗಿನ ಕೊಕ್ಕೆಗೆ ಹೋಗುವ ದಾರವನ್ನು ಮೇಲಿನ ಕೊಕ್ಕೆಯ ಕಾಂಡಕ್ಕೆ ಒತ್ತಿ ಹಿಡಿಯಿರಿ. ಬಿಡಿಯಾಗಿರುವ ತುದಿಯಿಂದ ಕಾಂಡ, ದಾರ ಎರಡನ್ನೂ ಸೇರಿಸಿ ಕಣ್ಣಿನಿಂದ ಕೆಳಕ್ಕೆ ಏಳೆಂಟು ಸುತ್ತು ಒತ್ತೊತ್ತಾಗಿ ಸುತ್ತಿ.
4. ಆ ತುದಿಯನ್ನು ಮೊದಲು ಯಾವ ಕಡೆಯಿಂದ ತೂರಿಸಿದ್ದಿರೋ ಅದೇ ಕಡೆಯಿಂದ ಮತ್ತೆ ಕಣ್ಣಿನಲ್ಲಿ ತೂರಿಸಿ.
5. ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣ ನೈಲಾನನ್ನು ಜಗ್ಗಿದರೆ ಉಜ್ಜಿಕೊಂಡು ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ.

ಇದರಲ್ಲಿ ಗಂಟು ಅನ್ನುವುದೇ ಇಲ್ಲ, ಸುತ್ತುಗಳ ಬಿಗಿಯೇ ಹಿಡಿತ. ಜಗ್ಗಿದಷ್ಟೂ ಬಿಗಿ. ಆದರೆ ಹಿಡಿದ ಮೀನನ್ನು ಬಿಡುವ ಯೋಚನೆ ಇರುವವರು ಜೋಡಿಗಾಳ ಕಟ್ಟಬಾರದು. ಒಂದು ಕೊಕ್ಕೆ ಬಾಯಲ್ಲಿದ್ದರೆ ಇನ್ನೊಂದು ಕಣ್ಣಿಗೋ ಕಿವಿರಿಗೋ ತಗಲುತ್ತದೆ. ಆ ಮೀನು ನೀರಿಗೆ ಮರಳಿದರೂ ಬದುಕುವುದಿಲ್ಲ. ಕೊಕ್ಕೆ ಎಷ್ಟು ಎನ್ನುವುದರಲ್ಲೇ ಹಿಡಿಯುವವನ ಮನಸ್ಸು ಗೊತ್ತಾಗುತ್ತದೆ.

ರಾಗಿಮುದ್ದೆ ತಿಂದ ಮಹಶೀರ್

ಹೊಳೆಗೆ ಬರೋಣ. ಕಾವೇರಿ, ಕಬಿನಿಯ ಮಹಶೀರ್ ಜಗತ್ತಿನ ಗಾಳದವರಿಗೆಲ್ಲ ದಂತಕತೆಯಾಗಿತ್ತು. 1906ರಲ್ಲಿ ಮರ್ರೆ ಐನ್ಸ್ಲಿ 104 ಪೌಂಡಿನದನ್ನು ಹಿಡಿದರು. 1919ರಲ್ಲಿ ರಿವೆಟ್ ಕಾರ್ನಾಕ್ 119 ಪೌಂಡು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡು, ಅಂದರೆ ಹತ್ತಿರ ಹತ್ತಿರ 54 ಕಿಲೋ! ಹುಲಿ ಚಿರತೆಗಳಿಗೆ ಹುಲ್ಲು ತುಂಬುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನ ಇದೆಯಲ್ಲ, ಅದೇ ಮನೆಯವರು.

ಆಮೇಲೆ ಒಂದು ಮೌನ. ಕೃಷ್ಣರಾಜಸಾಗರ, ಮೆಟ್ಟೂರು, ಕಬಿನಿ ಅಂತ ಒಂದರ ಹಿಂದೆ ಒಂದು ಅಣೆಕಟ್ಟು. ಮಹಶೀರ್ ಮುಗಿಯಿತು ಅಂತಲೇ ಹೊರಗಿನವರು ಅಂದುಕೊಂಡಿದ್ದರು. 1977-78ರಲ್ಲಿ ಮೂವರು ಇಂಗ್ಲಿಷ್ ಹುಡುಗರು ಭಾರತದಲ್ಲೆಲ್ಲ ಸುತ್ತಿ ಕಾವೇರಿಗೆ ಬಂದು 92 ಪೌಂಡಿನ ಮೀನು ಹಿಡಿದಾಗ ಮತ್ತೆ ಸುದ್ದಿಯಾಯಿತು. ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಜಂಗಲ್ ಲಾಡ್ಜಸ್‌ನ ಕ್ಯಾಂಪುಗಳು ಎದ್ದವು. ಹಿಡಿ, ತೂಗು, ಬಿಡು ಎಂಬುದು ನಿಯಮ.

ಅಲ್ಲಿ ಕೆಲಸಕ್ಕೆ ಬಂದ ಎರೆ ಯಾವುದು ಗೊತ್ತೇ? ರಾಗಿ! ರಾಗಿಹಿಟ್ಟು ಕಲಸಿ, ಬೇಯಿಸಿ, ನಾದಿ, ಮುದ್ದೆ ಕಟ್ಟಿ ದೊಡ್ಡ ಕೊಕ್ಕೆಯ ಸುತ್ತ ಮೆತ್ತುತ್ತಿದ್ದರು. ಯುರೋಪಿನಿಂದ ದುಬಾರಿ ಹುಸಿಮೀನಿನ ಪೆಟ್ಟಿಗೆ ತಂದವರು ಕೊನೆಗೆ ಮಂಡ್ಯ-ಕನಕಪುರದ ಮುದ್ದೆಗೆ ಶರಣಾಗುತ್ತಿದ್ದರು. ಸೋಮೇಶ್ವರನ ಹಿಟ್ಟಿನ ಉಂಡೆಗೂ ಇದಕ್ಕೂ ನಡುವೆ ಇರುವುದು ಎಂಟುನೂರ ಚಿಲ್ಲರೆ ವರ್ಷ ಮಾತ್ರ, ಉಪಾಯ ಒಂದೇ. ಮುದ್ದೆ ಕಟ್ಟಿಕೊಟ್ಟು, ಮಡು ತೋರಿಸಿ, ತೆಪ್ಪ ನಡೆಸುತ್ತಿದ್ದವರು ಹೊಳೆಯ ದಂಡೆಯ ಹಳ್ಳಿಗಳ ಜನ. ದಾಖಲೆ ಪುಸ್ತಕದಲ್ಲಿ ಹಿಡಿದವರ ಹೆಸರಿದೆ, ಮುದ್ದೆ ಕಟ್ಟಿದವರ ಹೆಸರಿಲ್ಲ.

ಕಾವೇರಿಯ ಆ ಭಾಗ 1987ರಿಂದ ವನ್ಯಜೀವಿಧಾಮ. 1972ರ ಕಾಯ್ದೆಯ ಪ್ರಕಾರ ಅಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ತಕರಾರು ಎದ್ದು, 2012ರ ಹೊತ್ತಿಗೆ ಕ್ಯಾಂಪುಗಳಲ್ಲಿ ಗಾಳ ನಿಂತಿತು. ಬಸವಣ್ಣನವರ ಕಡೆಯವರು ಗೆದ್ದರು ಅನ್ನೋಣವೇ? ಅಷ್ಟು ಸುಲಭವಿಲ್ಲ, ನೋಡಿ.

ಗಾಳಿಬೋರೆಯ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದುಬಿಟ್ಟ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮಹಶೀರ್. ವಿಜ್ಞಾನಿಗಳು 2015ರಲ್ಲಿ ಆ ಪುಸ್ತಕ ತೆರೆದು ನೋಡಿದಾಗ ಕಂಡದ್ದು ಇದು: ಒಟ್ಟು ಮೀನಿನ ಸಂಖ್ಯೆ ಏರುತ್ತಿದೆ, ಆದರೆ ಏರುತ್ತಿರುವುದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯದಲ್ಲ. ಕೃಷ್ಣೆಯ ಮೇಲ್ಭಾಗದ್ದು, 1839ರಲ್ಲಿ ಸೈಕ್ಸ್ ಎಂಬವರು ಪುಣೆ ಕಡೆಯ ಮೀನು ನೋಡಿ ಹೆಸರಿಟ್ಟದ್ದು. ಮಹಶೀರ್ ಉಳಿಸೋಣ ಎಂಬ ಒಳ್ಳೆಯ ಮನಸ್ಸಿನಿಂದ ಲೋನಾವಳದ ಹ್ಯಾಚರಿಯ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ತಂದು ಬಿಟ್ಟಿದ್ದರು. ಕಾವೇರಿಯ ಸ್ವಂತ ಮಗ, 120 ಪೌಂಡು ತೂಗುತ್ತಿದ್ದ, ಬೆನ್ನಿಗೆ ಡುಬ್ಬವಿದ್ದ, ಕಿತ್ತಳೆ ರೆಕ್ಕೆಯ ಮಹಶೀರ್ ಮಾತ್ರ ಕಾಣದಾಗುತ್ತಿತ್ತು. ಇಡೀ ಜಗತ್ತು ಫೋಟೋ ತೆಗೆಸಿಕೊಂಡ ಆ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ! 2007ರಲ್ಲಿ ಕೇರಳದ ಪಾಂಬಾರಿನಲ್ಲಿ ಸಿಕ್ಕ ಸಣ್ಣ ಮೀನುಗಳಿಗೆ ‘ಟೋರ್ ರೆಮಾದೇವಿ’ ಅಂತ ಹೆಸರಿಟ್ಟಿದ್ದರು. ಡುಬ್ಬದ ಮಹಶೀರ್ ಅದೇ ಜಾತಿ ಅಂತ ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಕೆಂಪುಪಟ್ಟಿಯ ಅತ್ಯಂತ ಅಪಾಯದ ಸಾಲಿಗೆ ಸೇರಿತು.

ಅಂದರೆ, ಆ ಮೀನು ಹೋಗುತ್ತಿದೆ ಅಂತ ನಮಗೆ ಹೇಳಿದ್ದು ಗಾಳದವರ ಲೆಕ್ಕದ ಪುಸ್ತಕ. ಹಾಗಂತ ಅವರೇ ಕಾಪಾಡಿದರು ಅನ್ನುವಂತೆಯೂ ಇಲ್ಲ, ಅವರ ಕಣ್ಣೆದುರೇ ಅದು ಕಡಿಮೆಯಾಯಿತು. ಗಾಳ ನಿಂತ ಮೇಲೆ ಆ ಪುಸ್ತಕವೂ ನಿಂತಿತು. ಈಗ ಎಣಿಸುವವರು ಯಾರು? ದಂಡೆಯ ಹಳ್ಳಿಯವನಿಗೆ ಬದುಕಿರುವ ಮೀನಿನಿಂದ ಸಂಬಳ ಬರುತ್ತಿತ್ತು, ಅದು ಹೋಯಿತು. ಸಿಡಿಮದ್ದಿಗೆ ಕಾಯ್ದೆ ಬಂದು ನೂರಿಪ್ಪತ್ತೈದು ವರ್ಷ ದಾಟಿದರೂ ಅದಿನ್ನೂ ಹೊಳೆ ಬಿಟ್ಟಿಲ್ಲ. ದೇವರ ಮೀನಿಗೂ ಉಳಿವಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಹಾಗಾಗಿ ಗಾಳ ಬೇಕೋ ಬೇಡವೋ ಅನ್ನುವ ಜಗಳಕ್ಕಿಂತ, ಆ ನೀರನ್ನು ದಿನಾ ನೋಡುವ ಕಣ್ಣು ಇದೆಯೋ ಇಲ್ಲವೋ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಮೋರಿ, ಅವರ ಹೊಳೆ

ಇದೆಲ್ಲ ನೂರು ಕಿಲೋಮೀಟರ್ ಆಚೆಯ ಮಾತು ಅಂದುಕೊಳ್ಳಬೇಡಿ. ಬಸವೇಶ್ವರನಗರದ ರಾಜಕಾಲುವೆಯ ನೀರು ಇಳಿಯುವುದು ವೃಷಭಾವತಿಗೆ. ವೃಷಭ ಅಂದರೂ ಬಸವನೇ ಅಲ್ಲವೇ! ವೃಷಭಾವತಿ ಕೆಂಗೇರಿ ದಾಟಿ ಕನಕಪುರದ ಕಡೆ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಗಾಳಿಬೋರೆಯಿಂದ ಸ್ವಲ್ಪ ಕೆಳಗೆ, ಮೇಕೆದಾಟಿಗೆ ಸ್ವಲ್ಪ ಮೇಲೆ. ನಾವು ಪಾತ್ರೆ ತೊಳೆದ ನೊರೆ, ಕಾರ್ಖಾನೆಯ ಆಮ್ಲ, ಎಲ್ಲವೂ ಹೋಗಿ ಮುಟ್ಟುವುದು ಮಹಶೀರಿನ ಮನೆಗೇ. ಮಧ್ಯದಲ್ಲಿ ಮೀನಿಗೆ ನಿಲ್ಲಲು ಇದ್ದ ಕೆರೆಗಳು? ಕುರುಬರಹಳ್ಳಿ ಕೆರೆ ಮನೆಗಳಾಯಿತು. ಶಿವನಹಳ್ಳಿ ಕೆರೆ ಆಟದ ಮೈದಾನವಾಯಿತು. ಧರ್ಮಾಂಬುಧಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾದದ್ದು ನಿಮಗೆಲ್ಲ ಗೊತ್ತೇ ಇದೆ. ನಮ್ಮ ಯಜಮಾನ್ರಂಥವರು ಮೆಟ್ಟಿಲ ಕೆಳಗೆ ಕೂತು ಕಪ್ಪೆ ಕೆತ್ತಿದರೂ ಅದನ್ನು ಎಸೆಯಲು ಊರು ಬಿಟ್ಟು ಹೋಗಬೇಕು.

ಮಾನಸೋಲ್ಲಾಸದ ಮೂವತ್ತೈದು ಮೀನಿನ ಹೆಸರುಗಳಲ್ಲಿ ಎಷ್ಟೋ ಇವತ್ತಿಗೆ ಯಾವ ಮೀನು ಅಂತ ಪಂಡಿತರು ತಡಕಾಡಬೇಕಾಗಿದೆ. ಪದ ಉಳಿದು ಮೀನು ಯಾವುದೆಂಬುದು ಮರೆತುಹೋಯಿತು. ಡುಬ್ಬದ ಮಹಶೀರಿನದು ತಲೆಕೆಳಗು, ಹೆಸರು ಸಿಕ್ಕುವಷ್ಟರಲ್ಲಿ ಮೀನೇ ಹೊರಟಿದೆ. ಎರಡೂ ಆಗದಿರಲಿ ಅಂತ ಒಂದು ಸಣ್ಣ ಕೆಲಸ ಮಾಡೋಣ. ನಿಮ್ಮೂರಿನ ಕೆರೆ-ಹೊಳೆಯ ಮೀನುಗಳಿಗೆ ನಿಮ್ಮ ಕಡೆ ಏನಂತಾರೆ? ನಮ್ಮ ಕಡೆಯ ಕೊರವವೇ ಮಲೆನಾಡಿನಲ್ಲಿ ಅವುಲು ಅಂತ ಕೇಳಿದ್ದೇನೆ. ಗಾಳದ ಕೋಲಿಗೆ, ಬೆಂಡಿಗೆ, ಕಟ್ಟುವ ಗಂಟಿಗೆ ನಿಮ್ಮಜ್ಜ ಯಾವ ಪದ ಬಳಸುತ್ತಿದ್ದರು? ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ, ಊರಿನ ಹೆಸರೂ ಇರಲಿ. ಬಂದದ್ದನ್ನೆಲ್ಲ ಒಟ್ಟು ಮಾಡಿ ಮುಂದಿನ ಪೋಸ್ಟಿನಲ್ಲಿ ಪಟ್ಟಿ ಹಾಕುತ್ತೇನೆ.